ವಾಲ್ವಪ್ಪನವರ ಮೂರನೇ ಟ್ಯಾಂಕ್

ಆ ಮನೆಯಲ್ಲಿ ಒಬ್ಬರು ಮುಖ ತೊಳೆಯಬೇಕಾದರೆ ಇನ್ನೊಬ್ಬರು ತಾರಸಿ ಹತ್ತಬೇಕಿತ್ತು. ಹತ್ತುವವರು ಬೇರೆ ಯಾರೂ ಅಲ್ಲ, ಮನೆಯ ಯಜಮಾನರೇ. ಕೂದಲು ಹಣ್ಣಾಗುವವರೆಗೂ ನಗರದ ನೀರಿನ ಇಲಾಖೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ಹೆತ್ತವರು ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಬೀದಿಯವರ ಬಾಯಲ್ಲಿ ಅವರು ವಾಲ್ವಪ್ಪ. ಎದುರಿಗೆ ವಾಲ್ವಪ್ಪನೋರು, ಬೆನ್ನ ಹಿಂದೆ ಬರೀ ವಾಲ್ವಪ್ಪ.

ತಾರಸಿಯ ಮೇಲೆ ಮೂರು ಟ್ಯಾಂಕುಗಳಿದ್ದವು. ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ಮೂರನೆಯದು ಆಪತ್ಕಾಲಕ್ಕೆ. ಇವುಗಳ ನಡುವೆ ಪೈಪುಗಳು ಹೋಗಿ, ಬಂದು, ಒಂದರ ಮೇಲೊಂದು ಹಾದು, ಗೋಡೆಯ ಮೂಲೆಯಲ್ಲಿ ಗಂಟುಬಿದ್ದು, ಮತ್ತೆ ಬಿಡಿಸಿಕೊಂಡು ಕೆಳಗಿಳಿಯುತ್ತಿದ್ದವು. ಎರಡು ಗೇಣಿಗೊಂದು ವಾಲ್ವ್. ಒಟ್ಟು ಎಷ್ಟಿವೆ ಎಂದು ಕೇಳಿದರೆ ವಾಲ್ವಪ್ಪನವರು ಒಂದೊಂದು ಸಲ ಒಂದೊಂದು ಲೆಕ್ಕ ಹೇಳುತ್ತಿದ್ದರು. ಪಾತ್ರೆ ತೊಳೆಯುವಾಗ ಸ್ನಾನಕ್ಕೆ ಹೋಗುವಂತಿಲ್ಲ, ಸ್ನಾನಕ್ಕೆ ಹೋದವರು ಮುಗಿಸುವವರೆಗೆ ಗಿಡಗಳು ಬಾಯಾರಿಕೊಂಡೇ ಇರಬೇಕು. ಒಂದನ್ನು ಮುಚ್ಚಿದರೇನೇ ಇನ್ನೊಂದು ತೆರೆಯುವುದು.

ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ನೋಡಿ ಬೆರಗಾಗಿ, "ಮಾವ, ಇಷ್ಟೆಲ್ಲ ಯಾಕೆ?" ಎಂದು ಕೇಳಿದ್ದಳು.

"ಒಂದು ಲೈನು ಕೆಟ್ರೆ ಇನ್ನೊಂದು ಇರ್ಬೇಕಮ್ಮ. ಅದೂ ಕೆಟ್ರೆ ಬೈಪಾಸ್ ಇರ್ಬೇಕು."

"ಬೈಪಾಸೂ ಕೆಟ್ರೆ?"

ಹುಡುಗಿ ತಮಾಷೆಗೆ ಕೇಳಿದ್ದು. ವಾಲ್ವಪ್ಪನವರು ಆ ಪ್ರಶ್ನೆಗೆ ಬಹಳ ಗೌರವ ಕೊಟ್ಟು, ಮುಂದಿನ ತಿಂಗಳೇ ಬೈಪಾಸಿಗೊಂದು ಬೈಪಾಸ್ ಹಾಕಿದರು. ಅಂದಿನಿಂದ ಆಕೆ ಆ ಮನೆಯಲ್ಲಿ ನೀರಿನ ವಿಷಯಕ್ಕೆ ತುಟಿ ಬಿಚ್ಚಿದವಳಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡರಂತೆ ಎಂದು ನೀವು ನಗಬಹುದು. ಬೀದಿಯವರೂ ನಗುತ್ತಿದ್ದರು. ಆದರೆ ಅದರ ಹಿಂದೊಂದು ಕಥೆಯಿದೆ. ಕೆಲಸದಲ್ಲಿದ್ದಾಗ ವಾಲ್ವಪ್ಪನವರನ್ನು ಕರೆಯದವರಿರಲಿಲ್ಲ. ಊಟಕ್ಕೆ ಕೂತರೆ ಫೋನು, ಕಣ್ಣು ಮುಚ್ಚಿದರೆ ಫೋನು. ಅಲ್ಲಿ ಪೈಪ್ ಒಡೆದಿದೆ ಬನ್ನಿ, ಇಲ್ಲಿ ನೀರೇ ಬಂದಿಲ್ಲ ಬನ್ನಿ. ಅವರು ತಮ್ಮ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗಿಟ್ಟುಕೊಂಡು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಕೊಡ ಹಿಡಿದು ನಿಂತವರ ಮುಖ ಅರಳುತ್ತಿತ್ತು. ಕೊನೆಯ ದಿನ ಕಚೇರಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಕೈ ಕುಲುಕಿದರು. ಇನ್ನು ಇದನ್ನು ನೋಡುತ್ತ ಕೂತಿರಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆಮೇಲೆ ಯಾರೂ ಕರೆಯಲಿಲ್ಲ. ಮಗ ಬಸ್ ಓಡಿಸಲು ಬೆಳಿಗ್ಗೆಯೇ ಹೋಗುತ್ತಿದ್ದ. ಹೆಂಡತಿ ಮುಂದಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು, ಶಾಲೆ ಮಕ್ಕಳ ಅಂಗಿಗೂ ಯಾರದೋ ಮನೆಯ ಪರದೆಗೂ ಅಂಚು ಮಡಿಸುತ್ತಿದ್ದಳು. ವಾಲ್ವಪ್ಪನವರು ಕುರ್ಚಿಯಲ್ಲಿ ಕೂತು ಫೋನು ಕೆಟ್ಟಿದೆಯೇನೋ ಎಂದು ತೆಗೆದು ತೆಗೆದು ನೋಡುತ್ತಿದ್ದರು. ಕೆಟ್ಟಿರಲಿಲ್ಲ. ತಾವು ಈ ಲೋಕಕ್ಕೆ ಬೇಡವಾದೆವೆಂಬ ಹೆದರಿಕೆ ಅವರೊಳಗೆ ಮನೆಮಾಡಿತು.

ಹೀಗಿರುವಾಗ ಒಂದು ಬೆಳಿಗ್ಗೆ ಬಚ್ಚಲಿನಿಂದ ಹೆಂಡತಿಯ ಕೂಗು: "ಏನ್ರೀ! ಬನ್ನಿ ಬೇಗ, ನೀರು ನಿಂತೋಯ್ತು!" ಪೈಪಿನಲ್ಲಿ ಗಾಳಿ ಸೇರಿತ್ತು, ಅಷ್ಟೇ. ವಾಲ್ವಪ್ಪನವರು ತಾರಸಿಗೆ ಓಡಿ, ಕ್ಷಣದಲ್ಲಿ ಸರಿಮಾಡಿ ಬಂದರು. ತಲೆ ತುಂಬ ಸೋಪಿನ ನೊರೆ ಮಾಡಿಕೊಂಡು ಬಾಗಿಲ ಸಂದಿಯಿಂದ ಇಣುಕಿದ ಹೆಂಡತಿ, "ನೀವಿಲ್ದಿದ್ರೆ ನಾನೇನ್ ಮಾಡ್ತಿದ್ನೋ" ಎಂದಳು.

ಆ ಒಂದು ಮಾತು ಸಾಕಾಯಿತು. ಅದೇ ವಾರ ಮೊದಲನೇ ವಾಲ್ವ್ ಬಂತು. ಅದರ ಹಿಂದೆ ಅದರ ಬಂಧುಬಳಗವೆಲ್ಲ ಬಂತು. ಮನೆಯವರ ಅನುಕೂಲಕ್ಕಾಗಿಯೇ ಮಾಡುತ್ತಿದ್ದೇನೆಂದು ಅವರು ನಿಜವಾಗಿಯೂ ನಂಬಿದ್ದರು. ಹೆಂಡತಿ ದಿನವೂ "ಏನ್ರೀ, ನೀರು!" ಎಂದು ಕೂಗುತ್ತಿದ್ದಳು. ಅವರು "ಬಂದೆ, ಬಂದೆ" ಎನ್ನುತ್ತ ಮೆಟ್ಟಿಲು ಹತ್ತುತ್ತಿದ್ದರು. ಆ ಕೂಗು ಕೇಳಿದ ಮೇಲೆಯೇ ಅವರಿಗೆ ಬೆಳಗಾಗುತ್ತಿದ್ದುದು.

ಒಂದು ದಿನ ಹಾಗೆ ಹತ್ತಿದವರು ತಾವಾಗಿ ಇಳಿಯಲಿಲ್ಲ. ಕೆಂಪು ಹಿಡಿಯ ವಾಲ್ವನ್ನು ಅರ್ಧ ತಿರುಗಿಸಿದ್ದರು, ಎದೆಯೊಳಗೆ ಯಾರೋ ಪಾನಾ ಹಾಕಿ ಬಿಗಿದಂತಾಯಿತು. ಮಗ, ಸೊಸೆ ಇಬ್ಬರೂ ಹಿಡಿದು ಕೆಳಗಿಳಿಸಿ ಆಸ್ಪತ್ರೆಗೆ ಸಾಗಿಸಿದರು. ವೈದ್ಯೆ ಚಿಕ್ಕ ವಯಸ್ಸಿನವಳು, ಚುರುಕಿನವಳು. ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸಿ, ಅದು ಮತ್ತೆ ಮುಚ್ಚದಂತೆ ಒಳಗೊಂದು ಸಣ್ಣ ಬಲೆಯ ಕೊಳವೆ ಕೂರಿಸಿದಳು.

ಮಾರನೆಯ ದಿನ ನೋಡಲು ಬಂದಾಗ ವಾಲ್ವಪ್ಪನವರು ಕೇಳಿದರು: "ಬೈಪಾಸ್ ಹಾಕ್ಲಿಲ್ವಾ ಡಾಕ್ಟ್ರೇ?"

"ಬೇಕಾಗಿರ್ಲಿಲ್ಲ."

"ಹಾಕ್ಬಿಡಿ, ಇರ್ಲಿ. ಆಪತ್ಕಾಲಕ್ಕೆ."

ವೈದ್ಯೆ ನಕ್ಕಳು. "ಬೇಡದೇ ಇರೋದನ್ನ ಯಾಕೆ ಹಾಕೋಣ ಹೇಳಿ? ಮೈಯೊಳಗೆ ಒಂದು ಹೆಚ್ಚಿಗೆ ಇಟ್ರೆ ಕೆಡೋದಕ್ಕೂ ಒಂದು ಹೆಚ್ಚಿಗೆ ಇಟ್ಟ ಹಾಗೆ." ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಇನ್ನು ಮೆಟ್ಟಿಲು ಬೇಡ. ನಾನು ಹೇಳೋವರೆಗೆ ಒಂದು ಮಹಡೀನೂ ಹತ್ತಬಾರದು. ಹತ್ತಿದ್ರೆ ಜೀವಕ್ಕೇ ಬರುತ್ತೆ."

ವಾಲ್ವಪ್ಪನವರಿಗೆ ಜೀವದ ಚಿಂತೆ ಅಷ್ಟಾಗಿ ಆಗಲಿಲ್ಲ. ಮೆಟ್ಟಿಲು ಹತ್ತದಿದ್ದರೆ ವಾಲ್ವ್ ತಿರುಗಿಸುವುದು ಯಾರು? ತಿರುಗಿಸುವವರು ಬೇರೆಯವರಾದರೆ ತಮ್ಮನ್ನು ಕರೆಯುವುದು ಯಾತಕ್ಕೆ?

ಸದ್ಯಕ್ಕೆ ಫೋನು ಇತ್ತು. ಮಂಚದ ಮೇಲಿಂದಲೇ ಅವರು ತಾರಸಿ ನಡೆಸತೊಡಗಿದರು.

"ಮಾವ, ಕೆಂಪು ಹಿಡಿಯದ್ದಾ, ನೀಲಿಯದ್ದಾ?" ಸೊಸೆ ಮೇಲೆ ನಿಂತು ಕೇಳುತ್ತಿದ್ದಳು.

"ಕೆಂಪು. ತಡಿ, ಅದಕ್ಕೂ ಮುಂಚೆ ಎಡಗಡೇದು ಮುಚ್ಚು. ಎಡ ಅಂದ್ರೆ ಬಾಗಿಲಿಗೆ ಬೆನ್ನು ಹಾಕಿ ನಿಂತಾಗ ಎಡ."

"ಬಾಗಿಲು ಯಾವ ಕಡೆ ಇರೋವಾಗ ಮಾವ?"

ಪಕ್ಕದ ಮಂಚದ ರೋಗಿ ಮಗ್ಗುಲಾಗಿ ದಿಂಬಿನಿಂದ ಕಿವಿ ಮುಚ್ಚಿಕೊಂಡ.

ಅದೇ ಹೊತ್ತಿಗೆ ಸರಿಯಾಗಿ ದೊಡ್ಡ ರಸ್ತೆಯಲ್ಲಿ ಮುಖ್ಯ ಕೊಳವೆ ಒಡೆದು ಇಡೀ ಬಡಾವಣೆಗೆ ನೀರು ನಿಂತುಹೋಯಿತು. ಮನೆಯ ನೆಲತೊಟ್ಟಿ ಬರಿದಾಯಿತು, ಎರಡು ಟ್ಯಾಂಕುಗಳೂ ತಳ ಕಂಡವು. ಸುದ್ದಿ ಕೇಳಿ ವಾಲ್ವಪ್ಪನವರು ಮಂಚದ ಮೇಲೆ ಎದ್ದು ಕೂತರು. ಬೀದಿಗೆಲ್ಲ ಕಷ್ಟ ಬಂದಾಗ ಖುಷಿಪಡುವುದು ತಪ್ಪೆಂದು ಅವರಿಗೂ ಗೊತ್ತು, ಆದರೂ ಮುಖ ಅರಳಿಬಿಟ್ಟಿತು. ಮೂರನೇ ಟ್ಯಾಂಕ್ ಇದ್ದದ್ದು ಈ ದಿನಕ್ಕೆ ತಾನೇ! ವರ್ಷಗಟ್ಟಲೆ ಅದನ್ನು ತೊಳೆದು, ತುಂಬಿಸಿ, ಮುಚ್ಚಳ ಬಿಗಿದು ಕಾದಿದ್ದರು. ಒಂದು ಹನಿ ಸೋರದ ಟ್ಯಾಂಕ್ ಎಂದು ಬಂದವರೆಲ್ಲರ ಮುಂದೆ ಹೊಗಳಿದ್ದರು. ಫೋನಿನಲ್ಲಿ ಒಂದೊಂದೇ ವಾಲ್ವ್ ಹೇಳುತ್ತ ಸೊಸೆಯ ಕೈಯಲ್ಲಿ ತಿರುಗಿಸಿದರು.

"ಬಂತಾ?"

"ಇಲ್ಲ ಮಾವ."

"ಬರದೇ ಇರೋಕೆ ಸಾಧ್ಯಾನೇ ಇಲ್ಲ. ಬಚ್ಚಲ ನಲ್ಲಿ ನೋಡು."

"ನೋಡ್ದೆ ಮಾವ. ಗಾಳಿ ಕೂಡ ಬರ್ತಿಲ್ಲ."

ಅತ್ತ ಕಡೆ ಏನೋ ಗುಸುಗುಸು ಆಯಿತು. ಮುಚ್ಚಳವೊಂದು ಸರಿದ ಸದ್ದು, ಬಕೆಟ್ಟಿನ ಸದ್ದು. ಆಮೇಲೆ ಹೆಂಡತಿಯ ದನಿ: "ಬಂತು ಕಣ್ರೀ, ಬಂತು. ಧಾರಾಳವಾಗಿದೆ. ನೀವು ಸುಮ್ನೆ ಮಲಕ್ಕೊಳ್ಳಿ."

ವಾಲ್ವಪ್ಪನವರು ನೆಮ್ಮದಿಯಿಂದ ಮಲಗಿದರು. ಮಲಗುವ ಮೊದಲು ನರ್ಸಿಗೂ, ಕಿವಿ ಮುಚ್ಚಿಕೊಂಡವನಿಗೂ, ಊಟದ ತಟ್ಟೆ ತೆಗೆಯಲು ಬಂದವಳಿಗೂ ಮೂರನೇ ಟ್ಯಾಂಕಿನ ಕಥೆ ಹೇಳಿದರು.

ಮನೆಗೆ ಬಂದ ದಿನ ಕಾರಿನಿಂದ ಇಳಿಯುವ ಮೊದಲೇ ಎದುರುಮನೆಯಾಕೆ ಕೈಮುಗಿದಳು. "ಪುಣ್ಯಾತ್ಮರು ನೀವು. ಕೊಳವೆ ರಿಪೇರಿ ಆಗೋವರೆಗೆ ನಮಗೆಲ್ಲ ಕುಡಿಯೋಕೆ ನೀರು ಕೊಟ್ಟಿದ್ದು ನಿಮ್ಮ ಆ ಟ್ಯಾಂಕೇ. ನಿಮ್ಮನೆಯವರು ಒಬ್ಬರಿಗೂ ಇಲ್ಲ ಅನ್ನಲಿಲ್ಲ." ಮಗನ ತೋಳು ಹಿಡಿದು ಒಳಗೆ ನಡೆಯುತ್ತಿದ್ದ ವಾಲ್ವಪ್ಪನವರ ಬೆನ್ನು ನೆಟ್ಟಗಾಯಿತು. ನಗುತ್ತಿದ್ದ ಬೀದಿಯ ಬಾಯಿಗೆ ಬೀಗ ಬಿತ್ತಲ್ಲ ಎಂದುಕೊಂಡರು. ಬಾಗಿಲ ಹಿಂದಿನ ಕಬ್ಬಿಣದ ಕೀಲಿಯನ್ನು ಒಮ್ಮೆ ಸವರಿ ಕುರ್ಚಿಯಲ್ಲಿ ಕೂತರು.

ಆ ಹೆಮ್ಮೆ ಒಂದು ರಾತ್ರಿ ಬಾಳಿತು. ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕೂತು ಕಾದರು. ತಾವು ಹತ್ತುವುದಿಲ್ಲ, ಸರಿ. ಆದರೆ ಯಾವುದು ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ಕೇಳಲಾದರೂ ಬರಬೇಕಲ್ಲ? ಯಾರೂ ಬರಲಿಲ್ಲ. ಅಡುಗೆಮನೆಯಲ್ಲಿ ಸೊಸೆ ಲೋಟ ತೊಳೆಯುವ ಸದ್ದು ಕೇಳಿಸಿತು. ಅದೇ ಹೊತ್ತಿಗೆ ಬಚ್ಚಲಲ್ಲಿ ಮಗ ಮೈಮೇಲೆ ನೀರು ಸುರಿದುಕೊಳ್ಳುತ್ತ ಹಾಡುತ್ತಿದ್ದ. ಹೊರಗೆ ಹೆಂಡತಿ ಗಿಡಗಳಿಗೆ ಕೊಳವೆ ಹಿಡಿದಿದ್ದಳು. ಮೂರೂ ಕಡೆ ಒಟ್ಟಿಗೆ ನೀರು! ಅವರ ಮನೆಯಲ್ಲಿ ಆಗಬಾರದ ಸಂಗತಿ ಅದು. ಹೆಂಡತಿ ಒಳಗೆ ಬಂದು ಕೈ ಒರೆಸಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಳು. "ಏನ್ರೀ" ಎನ್ನಲಿಲ್ಲ.

ಮಗ ಬಸ್ಸಿಗೆ ಹೋದ, ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು. ಯಂತ್ರದ ಸದ್ದು ಒಂದೇ ಸಮನೆ ನಡೆದಿರುವಾಗ ವಾಲ್ವಪ್ಪನವರು ಎದ್ದರು. ವೈದ್ಯೆಯ ಮಾತು ನೆನಪಿತ್ತು. ನೆನಪಿದ್ದೂ ಗೋಡೆ ಹಿಡಿದು, ಒಂದು ಮೆಟ್ಟಿಲಿಗೆ ಒಂದು ಸಲ ನಿಂತು, ಕದ್ದು ತಿನ್ನಲು ಹೊರಟ ಮಗುವಿನಂತೆ ತಾರಸಿ ಹತ್ತಿದರು.

ಮೇಲೆ ಎಲ್ಲ ವಾಲ್ವುಗಳೂ ಬಾಯಿ ತೆರೆದುಕೊಂಡಿದ್ದವು. ಕೆಂಪು, ನೀಲಿ, ಎಡ, ಬಲ ಎಲ್ಲ. ನೆಲತೊಟ್ಟಿಯಿಂದ ಬಂದ ನೀರು ಬಚ್ಚಲಿನ ದೊಡ್ಡ ಟ್ಯಾಂಕಿಗೆ ಬಿದ್ದು, ಅಲ್ಲಿಂದ ಮನೆಗೆಲ್ಲ ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ದೊಡ್ಡ ಟ್ಯಾಂಕಿನ ಬುಡದ ಒಂದು ವಾಲ್ವಿಗೆ ಮಾತ್ರ ಯಾವುದೋ ಪರದೆಯ ಅಂಚಿನಿಂದ ಕತ್ತರಿಸಿದ ಹಳದಿ ಬಟ್ಟೆಯ ಚೂರು ಕಟ್ಟಿತ್ತು. ಯಾರು ಬೇಕಾದರೂ ಗುರುತು ಹಿಡಿಯಬಹುದು: ರಿಪೇರಿಯಿದ್ದಾಗ ಇದೊಂದನ್ನು ಮುಚ್ಚಿದರಾಯಿತು. ಇಷ್ಟೇ. ಅವರು ವರ್ಷಗಟ್ಟಲೆ ಹೆಣೆದದ್ದಕ್ಕೆಲ್ಲ ಒಂದು ಬಟ್ಟೆ ಚೂರು ಉತ್ತರ ಕೊಟ್ಟುಬಿಟ್ಟಿತ್ತು.

ಮೂರನೇ ಟ್ಯಾಂಕಿನ ಕಡೆ ತಿರುಗಿದರು. ಅದಾದರೂ ಮಾನ ಉಳಿಸಿದೆಯಲ್ಲ. ಅದರ ಬುಡದಿಂದ ಹೊರಟ ಪೈಪನ್ನು ಕಣ್ಣಿನಲ್ಲೇ ಹಿಂಬಾಲಿಸಿದರು. ಪೈಪು ಗೋಡೆಯವರೆಗೆ ಬಂದು, ಮನೆಯ ಲೈನಿಗೆ ಸೇರಲು ಒಂದು ಗೇಣು ಬಾಕಿಯಿರುವಾಗ ನಿಂತುಬಿಟ್ಟಿತ್ತು. ತುದಿಗೆ ಅಚ್ಚುಕಟ್ಟಾಗಿ ನೂಲು ಸುತ್ತಿ ಬಿಗಿದ ಕ್ಯಾಪ್. ಅಂಥ ಬಿಗಿತ ಆ ಊರಿನಲ್ಲಿ ಒಬ್ಬರದೇ. ಬಾಯಿ ತೆರೆದ ಪೈಪನ್ನು ಹಾಗೇ ಬಿಟ್ಟು ಮನೆಗೆ ಹೋಗಬಾರದು, ಕ್ಯಾಪ್ ಹಾಕಿಯೇ ಹೋಗಬೇಕು ಎಂದು ಇಲಾಖೆಗೆ ಸೇರಿದ ಹುಡುಗರಿಗೆಲ್ಲ ಪಾಠ ಹೇಳಿದವರು ಅವರೇ. ನಾಳೆ ಜೋಡಿಸೋಣ ಎಂದು ಕ್ಯಾಪ್ ಹಾಕಿದ್ದರು. ಮರುದಿನ ಇನ್ನೊಂದು ವಾಲ್ವಿನ ಯೋಚನೆ ಬಂದಿತ್ತು. ಸೋರದ ಟ್ಯಾಂಕ್! ಹೋಗಲು ದಾರಿಯೇ ಇಲ್ಲದ ನೀರು ಸೋರುವುದಾದರೂ ಎಲ್ಲಿಂದ?

ವಾಲ್ವಪ್ಪನವರು ತಾರಸಿಯ ಕಟ್ಟೆಯ ಮೇಲೆ ಕುಸಿದು ಕೂತರು. ಕೆಳಗೆ ಯಂತ್ರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಹೆಂಡತಿ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಏದುಸಿರು ಬಿಡುತ್ತ ಮೇಲೆ ಬಂದಳು.

"ಏನ್ರೀ ಇದು! ಯಾರನ್ನ ಕೊಲ್ಬೇಕು ಅಂತಿದೀರಾ? ನಿಮ್ಮನ್ನಾ, ನನ್ನನ್ನಾ?"

ಅವರು ಬೆರಳು ಮಾಡಿ ಕ್ಯಾಪ್ ತೋರಿಸಿದರು. "ಬಂತು ಅಂದೆ. ಧಾರಾಳವಾಗಿ ಬಂತು ಅಂದೆ."

"ಬರ್ಲಿಲ್ವಾ ಮತ್ತೆ? ಮೇಲಿನ ಮುಚ್ಚಳ ತೆಗೆದು ಬಕೆಟ್ ಅದ್ದಿದ್ವಿ. ನಿಮ್ಮ ಸೊಸೆ ತುಂಬಿಸಿಕೊಟ್ಟಳು, ಮಗ ಮೆಟ್ಟಿಲಲ್ಲಿ ನಿಂತು ದಾಟಿಸಿದ, ನಾನು ಬಾಗಿಲಲ್ಲಿ ಹಂಚಿದೆ. ನೀವು ತೊಳೆದು ತುಂಬಿಸಿಟ್ಟ ನೀರೇ ಅಲ್ವಾ ಅದು? ಸುಳ್ಳೇನು ಹೇಳ್ದೆ ನಾನು?"

ವಾಲ್ವಪ್ಪನವರಿಗೆ ನಗು ಬಂತು, ಆದರೆ ಅದು ಅರ್ಧದಲ್ಲೇ ನಿಂತಿತು. ಹಳದಿ ಬಟ್ಟೆಯ ಕಡೆ ನೋಡಿದರು. "ಇದನ್ನ ಯಾವಾಗ ಕಲಿತೆ?"

ಹೆಂಡತಿ ಪಕ್ಕದಲ್ಲಿ ಕೂತಳು. "ಕಲಿಯೋದೇನಿದೆ ಅದರಲ್ಲಿ. ನೀವು ನಿಮ್ಮ ತಂಗಿ ಮನೆಗೆ ಹೋದಾಗೆಲ್ಲ ಹೀಗೇ ಇಡ್ತಿದ್ದೆ. ನೀವು ಬರೋ ಹೊತ್ತಿಗೆ ಎಲ್ಲ ನೀವಿಟ್ಟ ಹಾಗೇ ತಿರುಗಿಸಿಡ್ತಿದ್ದೆ. ನಿಜ ಹೇಳ್ಬೇಕಂದ್ರೆ, ಅದೇ ಕಷ್ಟ ಆಗ್ತಿತ್ತು."

ತಾರಸಿಯ ಮೇಲೆ ಗಾಳಿ ಬೀಸಿ ಹಳದಿ ಚೂರು ಅಲ್ಲಾಡಿತು. ವಾಲ್ವಪ್ಪನವರು ಹೆಂಡತಿಯನ್ನೇ ನೋಡಿದರು. ಅಂಥ ಗೋಜಲನ್ನು ಬಿಡಿಸಿ, ನೆನಪಿಟ್ಟುಕೊಂಡು, ಮತ್ತೆ ಹಾಗೇ ಗೋಜಲು ಮಾಡಿಡಬೇಕಾದರೆ ಎಂಥ ತಲೆ ಬೇಕು! ಇಲಾಖೆಯಲ್ಲಿ ಅಂಥ ಒಬ್ಬ ಮೇಸ್ತ್ರಿಯನ್ನೂ ಅವರು ಕಂಡಿರಲಿಲ್ಲ. ಮನಸ್ಸಿನಲ್ಲೇ ಆಕೆಗೆ ದೊಡ್ಡದೊಂದು ನಮಸ್ಕಾರ ಹಾಕಿದರು.

"ಹಾಗಿದ್ರೆ ದಿನಾ ನನ್ನ ಯಾಕೆ ಕೂಗ್ತಿದ್ದೆ?"

"ನೀವು ಬರ್ತಿದ್ರಲ್ಲ, ಅದಕ್ಕೆ."

"ಅಂದ್ರೆ?"

"ಕೆಲಸದಲ್ಲಿದ್ದಾಗ ಎಷ್ಟು ಕರೆದ್ರೂ ಬರ್ತಿರ್ಲಿಲ್ಲ ನೀವು. ಊರಲ್ಲಿ ಯಾರ ಮನೇಲಿ ನೀರು ನಿಂತ್ರೂ ಓಡ್ತಿದ್ರಿ. ನನ್ನ ಹೆರಿಗೆ ದಿನಾನೂ ಯಾವುದೋ ಬೀದೀಲಿ ಗುಂಡಿ ಒಳಗಿದ್ರಿ. ನೀರು ಅಂದ್ರೆ ಮಾತ್ರ ಬರೋ ಮನುಷ್ಯ ಅಂತ ಆವತ್ತೇ ಗೊತ್ತಾಯ್ತು. ಆ ದಿನ ಬಚ್ಚಲಿಂದ ಕೂಗ್ದೆ ನೋಡಿ, ಹೇಗೆ ಓಡಿ ಬಂದ್ರಿ! ಇರ್ಲಿ, ದಿನಾ ಕೂಗೋಣ ಅಂದ್ಕೊಂಡೆ. ನೀವು ವಾಲ್ವ್ ಹಾಕ್ತಾ ಹೋದ್ರಿ, ನಾನು ಕೂಗ್ತಾ ಹೋದೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ. ಒಬ್ಬರಿಗೆ ಕರೆಸಿಕೊಳ್ಳುವ ಆಸೆ, ಇನ್ನೊಬ್ಬರಿಗೆ ಕರೆಯುವ ಆಸೆ. ಒಂದೇ ಮನೆಯಲ್ಲಿ ಇಬ್ಬರೂ ಇದ್ದರು. ಬಾಯಿಬಿಟ್ಟು ಒಂದು ಮಾತು ಹೇಳಲು ನಾಚಿಕೊಂಡು, ತಾರಸಿ ತುಂಬ ಪೈಪ್ ಎಳೆದು, ನೀರನ್ನು ಸುತ್ತಿಸಿ ಬಳಸಿ, ಅದರ ನೆಪದಲ್ಲಿ ಒಬ್ಬರನ್ನೊಬ್ಬರು ಮುಟ್ಟುತ್ತಿದ್ದರು. ಮನುಷ್ಯರು ಬದುಕನ್ನು ಗೋಜಲು ಮಾಡಿಕೊಳ್ಳುವುದು ಬುದ್ಧಿ ಸಾಲದೆ ಅಲ್ಲ. ಬೇಕಾದದ್ದನ್ನು ನೇರವಾಗಿ ಕೇಳಲು ಎದೆ ಸಾಲದೆ.

"ಈ ಸಲ ಯಾಕೆ ಮತ್ತೆ ತಿರುಗಿಸಿಡಲಿಲ್ಲ?" ವಾಲ್ವಪ್ಪನವರು ಮೆಲ್ಲಗೆ ಕೇಳಿದರು.

ಹೆಂಡತಿ ಅಳತೆಯ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಿಮ್ಮನ್ನ ಮೆಟ್ಟಿಲು ಹತ್ತಿಸೋ ಧೈರ್ಯ ಇನ್ನು ನನಗಿಲ್ಲ. ಆ ದಿನ ಕೂಗಿದ್ದು ನಾನೇ ಅಲ್ವಾ? ಕೂಗಿದೆ, ನೀವು ಹತ್ತಿದ್ರಿ. ಆಸ್ಪತ್ರೆ ಬಾಗಿಲಲ್ಲಿ ಕೂತಾಗೆಲ್ಲ ಅದೇ ಕಿವಿಗೆ ಹೊಡೀತಿತ್ತು." ಆಕೆಯ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

ಅಷ್ಟು ವರ್ಷ ಹೇಳಲಾರದ್ದನ್ನು ವಾಲ್ವಪ್ಪನವರು ಆಗ ಚಿಕ್ಕ ಹುಡುಗನಂತೆ ಕೇಳಿಬಿಟ್ಟರು: "ಹಾಗಾದ್ರೆ ಇನ್ಮೇಲೆ ನನ್ನ ಕರೆಯೋದೇ ಇಲ್ವಾ?"

"ಅಯ್ಯೋ ನಿಮ್ಮ! ನಿಮ್ಮನ್ನ ಕರೆಯೋಕೆ ನೀರೇ ನಿಲ್ಬೇಕಾ?"

ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು. ಆಕೆ ಮುಂದೆ, ಅವರು ಆಕೆಯ ಭುಜ ಹಿಡಿದು ಹಿಂದೆ. ಈ ವಿಷಯ ವೈದ್ಯೆಗೆ ಹೇಳಬಾರದೆಂದು ಅರ್ಧ ದಾರಿಯಲ್ಲೇ ಒಪ್ಪಂದವಾಯಿತು.

ಮಗನಿಗೆ ರಜೆ ಬಂದಾಗ ತಾರಸಿಯ ಪೈಪುಗಳನ್ನು ಬಿಚ್ಚಿದ. ವಾಲ್ವಪ್ಪನವರು ಕೆಳಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಯಾವುದನ್ನು ತೆಗೆಯಬೇಕೆಂದು ಕೂಗಿ ಕೂಗಿ ಹೇಳಿದರು. ಹಾಕುವಾಗ ಎಷ್ಟು ಹುರುಪಿತ್ತೋ ತೆಗೆಸುವಾಗಲೂ ಅಷ್ಟೇ ಇತ್ತು. "ಬೈಪಾಸು?" ಎಂದು ಮಗ ಮೇಲಿಂದ ಕೇಳಿದ. "ತೆಗಿ! ಅದರ ಬೈಪಾಸನ್ನೂ ತೆಗಿ!" ಸೊಸೆ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮೂರನೇ ಟ್ಯಾಂಕನ್ನು ಅಂಗಳಕ್ಕೆ ಇಳಿಸಿ, ಕ್ಯಾಪ್ ಬಿಚ್ಚಿ ಅಲ್ಲೊಂದು ನಲ್ಲಿ ಕೂರಿಸಿದರು. ಬೀದಿಯಲ್ಲಿ ಹೋಗುವವರು ಕೈಚಾಚಿದರೆ ನೀರು. ಹಳದಿ ಬಟ್ಟೆಯ ವಾಲ್ವ್ ಮಾತ್ರ ಇದ್ದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ನೀರು ತನ್ನ ಪಾಡಿಗೆ ಬಂತು, ಎಲ್ಲರೂ ಸ್ನಾನ ಮಾಡಿದರು, ಕೆಲಸಕ್ಕೆ ಹೋಗುವವರು ಹೋದರು. ಮನೆ ಸದ್ದಿಲ್ಲದಾಯಿತು. ವಾಲ್ವಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಗಡಿಯಾರ ನೋಡಬಾರದೆಂದುಕೊಂಡೂ ನೋಡುತ್ತಿದ್ದರು.

"ಏನ್ರೀ, ಬನ್ನಿ!"

ಅಭ್ಯಾಸಬಲ. ಅವರು ದಡಬಡಿಸಿ ಎದ್ದು ಪಾನಾ ಕೈಗೆತ್ತಿಕೊಂಡರು. "ಬಂದೆ, ಬಂದೆ. ಏನಾಯ್ತು?"

ಮುಂದಿನ ಕೋಣೆಯಲ್ಲಿ ಹೆಂಡತಿ ಯಂತ್ರದ ಪಕ್ಕ ಇನ್ನೊಂದು ಕುರ್ಚಿ ಎಳೆದಿಟ್ಟಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ ಕಾಫಿ ಇತ್ತು.

"ಏನೂ ಆಗಿಲ್ಲ. ಸುಮ್ನೆ ಬನ್ನಿ" ಎಂದಳು.

ವಾಲ್ವಪ್ಪನವರು ಪಾನಾ ಕೆಳಗಿಟ್ಟು ಹೋಗಿ ಆ ಕುರ್ಚಿಯಲ್ಲಿ ಕೂತರು.